ಆಟಿ ಕಳೆದ ಮೇಲೆ ಕಾರು

ತುಳುವರ ಆಟಿ ತಿಂಗಳ ಮಳೆಗೆ ಶೆಡ್ಡಿನಲ್ಲೇ ನಿಂತ ಕಾರು, ಮುಂದಿನ ಸೋಣ ತಿಂಗಳಲ್ಲಿ ಮೂಡುಬಿದಿರೆಗೆ ಹೊರಟ ಬೆಳಿಗ್ಗೆ 'ಟಿಕ್' ಎಂದು ಸುಮ್ಮನಾಗುತ್ತದೆ. ಓಡದಿದ್ದರೂ ಗಡಿಯಾರ, ಅಲಾರಂ ಬ್ಯಾಟರಿಯನ್ನು ಹೀರುತ್ತಲೇ ಇರುತ್ತವೆ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿರುತ್ತೀರಿ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬರುವ ಮೊದಲು ಹ್ಯಾಂಡಲ್ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈಯೇ ಮುರಿಯುತ್ತಿತ್ತು. ಈಗ ಕೈ ಉಳಿಯಿತು, ಆದರೆ ಬ್ಯಾಟರಿ ಬರಿದಾದರೆ ನೆರೆಮನೆಯ ಕಾರು ಬೇಕಾಯಿತು. ಒಳ್ಳೆಯದೇ ಆಯಿತು, ಆ ನೆಪದಲ್ಲಾದರೂ ಎರಡು ಮಾತಾಡುತ್ತೇವೆ!

ನೆರೆಮನೆಯವರ ಬ್ಯಾಟರಿಯಿಂದ ನಮ್ಮದಕ್ಕೆ ಜಂಪರ್ ಕೇಬಲ್ ಜೋಡಿಸುವುದು ಹೀಗೆ: ಕೆಂಪು ಕೇಬಲ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪಿನ ಒಂದು ತುದಿ ಅವರ ಮೈನಸ್‌ಗೆ, ಇನ್ನೊಂದು ನಮ್ಮ ಎಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮಬಹುದು, ಹತ್ತಿರ ಕಿಡಿ ಬೇಡ. ಸ್ಟಾರ್ಟ್ ಆದರೆ ಕೂಡಲೇ ಆರಿಸಬೇಡಿ. ಬಂಟ್ವಾಳದವರೆಗೆ ಓಡಿಸಿ, ಬ್ಯಾಟರಿ ಪರೀಕ್ಷೆ ಮಾಡಿಸಿಯೇ ಬನ್ನಿ.