ಹೊಸ ಪದಗಳಿಗೆ ಹೆದರಬೇಡಿ, ವಿಚಾರಿಸದೆ ಒಳಗೆ ಬಿಡಲೂಬೇಡಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)

 

2021ರಲ್ಲಿ ಶಾಲೆಗಳು ಮತ್ತೆ ತೆರೆದಿದ್ದ ಸಮಯ. ಎಸ್ಟೇಟಿನ ಲೈನ್ ಮನೆಯಿಂದ ಬರುತ್ತಿದ್ದ ಹತ್ತನೇ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪತ್ರಿಕೆಯ ಒಂದು ತುಂಡು ತಂದು, "ಸರ್, ಈ ಪದ ಡಿಕ್ಷನರಿಯಲ್ಲೇ ಇಲ್ಲ. ಇಂಗ್ಲಿಷ್ ನನ್ನ ಕೈಲಾಗಲ್ಲ" ಎಂದ. ಆ ಪದ 'ಇನ್ಫೋಡೆಮಿಕ್'. ಅವನು ಹುಡುಕಿದ್ದು ಮನೆಯಲ್ಲಿದ್ದ ಹಳೆಯ ನಿಘಂಟಿನಲ್ಲಿ. ಪದ ಅಲ್ಲಿಲ್ಲದ್ದು ಅವನ ತಪ್ಪಲ್ಲ. ಆದರೂ ಅವನು ತನ್ನನ್ನೇ ದಡ್ಡನೆಂದುಕೊಂಡಿದ್ದ. ಉರ್ದು ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಅನೇಕರು ಹಿಂದೆ ಸರಿಯುವುದು ಬುದ್ಧಿ ಸಾಲದೆ ಅಲ್ಲ, ಇಂತಹ ಅಂಜಿಕೆಯಿಂದ. ಇಂದು ಈ ವಿಷಯ ಆರಿಸಿಕೊಂಡದ್ದು ಅದಕ್ಕಾಗಿಯೇ.

ನಾವಿಬ್ಬರೂ ಕುಳಿತು ಆ ಪದವನ್ನು ಬಿಡಿಸಿದೆವು. 'ಇನ್ಫರ್ಮೇಶನ್' ಎಂದರೆ ಮಾಹಿತಿ, 'ಎಪಿಡೆಮಿಕ್' ಎಂದರೆ ಸಾಂಕ್ರಾಮಿಕ ರೋಗ. ಎರಡರ ತುಂಡುಗಳನ್ನು ಜೋಡಿಸಿದರೆ 'ಇನ್ಫೋಡೆಮಿಕ್', ಅಂದರೆ ರೋಗದಂತೆ ಹರಡುವ ಸುಳ್ಳುಸುದ್ದಿಗಳ ಹಾವಳಿ. 2003ರಲ್ಲಿ ಸಾರ್ಸ್ ರೋಗ ಬಂದಾಗ ಡೇವಿಡ್ ರಾತ್‌ಕಾಫ್ ಎಂಬ ಲೇಖಕರು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಇದನ್ನು ಬಳಸಿದರು. 2020ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಳಸಿದ ಮೇಲೆ ಜಗತ್ತಿಗೆಲ್ಲ ಪರಿಚಯವಾಯಿತು. 'ಬ್ರಿಟನ್' ಮತ್ತು 'ಎಕ್ಸಿಟ್' ಸೇರಿ 'ಬ್ರೆಕ್ಸಿಟ್' ಆದದ್ದೂ ಹೀಗೆಯೇ. ಪತ್ರಿಕೆ ಮುಂದೆ ಓಡುತ್ತದೆ, ನಿಘಂಟು ಹಿಂದಿನಿಂದ ನಡೆದು ಬರುತ್ತದೆ.

ಕೆಲವು ಪದಗಳು ಹೊಸವಲ್ಲ, ಅಪರೂಪದವು. 2017ರ ಮೇ ತಿಂಗಳಲ್ಲಿ ಸಂಸದ ಶಶಿ ತರೂರ್ 'ಫರಾಗೋ' ಎಂಬ ಪದ ಬಳಸಿದಾಗ ದೇಶವೇ ಅದರ ಅರ್ಥ ಹುಡುಕಿತು. ಲ್ಯಾಟಿನ್ನಿನಲ್ಲಿ ಅದಕ್ಕೆ ದನಗಳಿಗೆ ಹಾಕುವ ಬೆರಕೆ ಮೇವು ಎಂದರ್ಥ. ನಮ್ಮ ಅಜ್ಜಿಯರಾದರೆ ಒಂದೇ ಮಾತಿನಲ್ಲಿ 'ಕಲಸುಮೇಲೋಗರ' ಎನ್ನುತ್ತಿದ್ದರು!

ನಿಮ್ಮ ಮನೆಗಳಲ್ಲಿ ಒಂದು ದಿನವೂ ಇಂಗ್ಲಿಷ್ ಕಲಿಯದ ತಾಯಂದಿರು 'ಪಲ್ಪರ್', 'ಪಾರ್ಚ್‌ಮೆಂಟ್', 'ಚೆರಿ' ಎಂದು ಸಲೀಸಾಗಿ ಹೇಳುತ್ತಾರೆ. 'ಪಾರ್ಚ್‌ಮೆಂಟ್' ಎಂದರೆ ಮೂಲದಲ್ಲಿ ಬರೆಯಲು ಹದಮಾಡಿದ ತೊಗಲು. ನಮ್ಮಲ್ಲಿ ಅದು ಸಿಪ್ಪೆ ಸುಲಿದು ಒಣಗಿಸಿದ ಕಾಫಿ. ಅವರಿಗೆ ನಿಘಂಟು ಬೇಕಾಗಲಿಲ್ಲ, ಕೆಲಸವೇ ಅರ್ಥ ಕಲಿಸಿತು. ಬಾಬಾಬುಡನ್‌ರವರು ಕಾಫಿ ಬೀಜ ತಂದರೆಂದು ಪ್ರತೀತಿಯಿರುವ ಈ ಬೆಟ್ಟಗಳಲ್ಲಿ ಇನ್ನೊಂದು ಮಾತನ್ನೂ ನೆನೆಯಬೇಕು. 'ಕಾಫಿ' ಎಂಬ ಪದವೇ ಅರಬ್ಬಿಯ 'ಕಹ್ವಾ'ದಿಂದ ಹೊರಟು, ತುರ್ಕಿ ಮತ್ತು ಡಚ್ ಭಾಷೆಗಳನ್ನು ದಾಟಿ ಇಂಗ್ಲಿಷಿಗೆ ಬಂತು. ಇಂಗ್ಲಿಷ್ ಕೂಡ ಬೇಡಿ ತಂದೇ ಬೆಳೆದ ಭಾಷೆ. ಉರ್ದು ಓದಬಲ್ಲ ನಿಮಗೆ ಅದರ ಒಂದು ಬಾಗಿಲು ಆಗಲೇ ತೆರೆದಿದೆ.

ಆದರೆ ಬಂದ ಪದಗಳೆಲ್ಲ ಒಳ್ಳೆಯ ಅತಿಥಿಗಳಲ್ಲ. 2020ರಲ್ಲಿ 'ಸೋಶಿಯಲ್ ಡಿಸ್ಟೆನ್ಸಿಂಗ್' ಎಂಬುದು ಕನ್ನಡ ಪತ್ರಿಕೆಗಳಲ್ಲಿ 'ಸಾಮಾಜಿಕ ಅಂತರ'ವಾಯಿತು. ಅಸ್ಪೃಶ್ಯತೆಯನ್ನು ಕಂಡ ನೆಲದಲ್ಲಿ ಅದು ನೋಯಿಸುವ ಮಾತು. ಬೇಕಾಗಿದ್ದದ್ದು ದೈಹಿಕ ಅಂತರ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷದ ಮಾರ್ಚ್‌ನಲ್ಲಿ 'ಫಿಸಿಕಲ್ ಡಿಸ್ಟೆನ್ಸಿಂಗ್' ಎಂಬ ಪದದ ಕಡೆಗೆ ಹೊರಳಿತು.

ಅದೇ ದಿನಗಳಲ್ಲಿ 'ಕೊರೊನಾ ಜಿಹಾದ್' ಎಂಬ ಇನ್ನೊಂದು ಜೋಡಿಪದ ಹುಟ್ಟಿತು. ರೋಗದ ಹೆಸರನ್ನು ಒಂದು ಸಮುದಾಯದ ಹಣೆಗೆ ಅಂಟಿಸುವುದಕ್ಕಾಗಿಯೇ ಅದನ್ನು ಕಟ್ಟಲಾಗಿತ್ತು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗಿ ಜಮಾಅತಿನ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು. ತೀರ್ಪು ಬಂತು, ಆದರೆ ಕೇಳಿಸಿಕೊಂಡ ಮಕ್ಕಳ ಮನಸ್ಸಿನಿಂದ ಪದ ಹೋಗಲಿಲ್ಲ. ನಾವು ಉರ್ದುವಿನಲ್ಲಿ 'ಜದ್ದೋಜಹದ್' ಎನ್ನುತ್ತೇವಲ್ಲ, 'ಜಿಹಾದ್' ಅದೇ ಧಾತುವಿನ ಪದ. ಶ್ರಮ, ಕಠಿಣ ಪ್ರಯತ್ನ ಎಂದು ಅದರ ಅರ್ಥ. ನಿಮ್ಮ ಸಹಪಾಠಿ ಕೇಳಿದರೆ ಸಿಟ್ಟಾಗದೆ ಇದನ್ನು ವಿವರಿಸಿ. ಹಾಗೆಯೇ, ಬೇರೆಯವರನ್ನು ಹೀಗಳೆಯಲು ಕಟ್ಟಿದ ಪದ ನಿಮ್ಮ ಮೊಬೈಲಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನ್ಯಾಯ ಎರಡೂ ಕಡೆಗೆ ಒಂದೇ.

ಆದ್ದರಿಂದ ಹೊಸ ಪದ ಕಂಡಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ತುಂಡುಗಳಿಂದ ಆಗಿದೆ? ಇದನ್ನು ಯಾರು, ಯಾವಾಗ ಬಳಸಿದರು? ಇದರಿಂದ ಯಾರಿಗೆ ತಿಳಿವು, ಯಾರಿಗೆ ನೋವು? ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ ಬರೆದಿಡಿ. ದಿನಕ್ಕೊಂದು ಪದವಾದರೂ ವರ್ಷಕ್ಕೆ 365 ಆಗುತ್ತದೆ.

ಕೇಳಲು ನಾಚಿಕೆ ಬೇಡ. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂಶಯಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. 2021ರಲ್ಲಿ ನಿಧನರಾದಾಗ ಅವರಿಗೆ 107 ವರ್ಷ. ದೊಡ್ಡವರೂ ಸಂಶಯಪಡುತ್ತಾರೆ, ಕೇಳುತ್ತಾರೆ ಎಂಬುದಕ್ಕೆ ಆ ಅಂಕಣವೇ ಸಾಕ್ಷಿ.

ಅಂದು ಆ ಹುಡುಗ ಹೊರಡುವಾಗ, "ಹಾಗಾದರೆ ಇದು ಗೊತ್ತಿದ್ದ ಪದಗಳೇ ಅಲ್ವಾ ಸರ್" ಎಂದ. ಆ ಧೈರ್ಯ ನಿಮ್ಮೆಲ್ಲರಿಗೂ ಬರಲಿ. ಅಲ್ಲಾಹನು ನಮ್ಮ ಇಲ್ಮನ್ನು ಹೆಚ್ಚಿಸಲಿ.