ಸಂಜೆ ನಾಲ್ಕೂವರೆಯ ನಂತರ



ಶಾಲೆಯ ಕಡೆಯ ಗಂಟೆ ಬಾರಿಸುವುದು ಸಾಮಾನ್ಯವಾಗಿ ಸಂಜೆ ನಾಲ್ಕೂವರೆಯ ಹೊತ್ತಿಗೆ. ನೀವು ಚೀಲ ಹೆಗಲಿಗೇರಿಸಿ ಹೊರಡುತ್ತೀರಿ. ನಿಮ್ಮಲ್ಲಿ ಕೆಲವರು ಮನೆಪಾಠಕ್ಕೆ ಹೋಗುತ್ತೀರಿ, ಕೆಲವರು ಆಟದ ಬಯಲಿಗೆ, ಇನ್ನು ಕೆಲವರು ಮೇಯಲು ಬಿಟ್ಟ ದನ ಹೊಡೆದುಕೊಂಡು ಬರಲು. ಆ ಗಂಟೆಯಿಂದ ರಾತ್ರಿಯ ಊಟದವರೆಗಿನ ಮೂರು ನಾಲ್ಕು ಗಂಟೆಗಳು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಆದರೆ ಒಬ್ಬ ಹುಡುಗ ಓದು ಮುಂದುವರಿಸುತ್ತಾನೆಯೋ, ನಡುವೆ ಕೈಬಿಡುತ್ತಾನೆಯೋ ಎಂಬುದಕ್ಕೆ ಈ ಹೊತ್ತಿನ ಪಾಲೂ ದೊಡ್ಡದು. ಇಂದು ಆ ಗಂಟೆಗಳ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತು.

ದೂರದರ್ಶನದ ಕೆಲಸದ ಮೇಲೆ ಒಮ್ಮೆ ನಾವು ಮೈಸೂರಿನಿಂದ ಮಾನಂದವಾಡಿ ರಸ್ತೆಯಲ್ಲಿ ಹೊರಟಿದ್ದೆವು. ಮೈಸೂರು ಜಿಲ್ಲೆಯಲ್ಲಿ ಹಂಪಾಪುರ ಎಂಬ ಹೆಸರಿನ ಊರು ಒಂದಕ್ಕಿಂತ ಹೆಚ್ಚು ಇವೆ. ನಾನು ಹೇಳುತ್ತಿರುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ. ಅಲ್ಲಿ ರಸ್ತೆಬದಿಯ ಒಂದು ಸಣ್ಣ ಅಂಗಡಿಯಲ್ಲಿ ನಮ್ಮ ತಂಡದವರೆಲ್ಲ ಚಹಾ ಕುಡಿದು, ಬಾಳೆಹಣ್ಣು, ಬಿಸ್ಕತ್ತು ಕೊಂಡೆವು. ಲೆಕ್ಕ 187 ರೂಪಾಯಿ ಆಯಿತು. ನಾನು 500ರ ನೋಟು ಕೊಟ್ಟೆ. ತಾಯಿಯ ಜೊತೆ ಅಂಗಡಿಯಲ್ಲಿ ನಿಂತಿದ್ದ ಏಳನೇ ತರಗತಿಯ ಹುಡುಗಿ ಕಾಗದ ಮುಟ್ಟದೆ, ಕ್ಷಣದಲ್ಲಿ 313 ರೂಪಾಯಿ ಎಣಿಸಿ ನನ್ನ ಕೈಗಿಟ್ಟಳು.

ಪಕ್ಕದಲ್ಲೇ ಅವಳ ಗಣಿತದ ನೋಟ್ ಪುಸ್ತಕ ಇತ್ತು. ಕುತೂಹಲದಿಂದ ಅದರಲ್ಲಿ 500 ಬರೆದು, ಕೆಳಗೆ 187 ಬರೆದು, ಕಳೆಯುವಂತೆ ಹೇಳಿದೆ. ಅವಳು ತುಸು ಯೋಚಿಸಿ 487 ಎಂದು ಬರೆದಳು.

"ಹಾಗಾದರೆ ನೀನು ನನಗೆ ಕಡಿಮೆ ಚಿಲ್ಲರೆ ಕೊಟ್ಟೆಯಲ್ಲಮ್ಮ?" ಎಂದೆ.

ಅವಳು ನಕ್ಕುಬಿಟ್ಟಳು. "ಅದು ಅಂಗ್ಡಿ ಲೆಕ್ಕ ಸಾರ್, ಇದು ಇಸ್ಕೂಲ್ ಲೆಕ್ಕ."

ನಗುವ ಮಾತೇ ನಿಜ. ಆದರೆ ವಾಹನ ಹತ್ತಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅವಳ ಉತ್ತರವನ್ನು ನೀವೂ ಒಮ್ಮೆ ಪರೀಕ್ಷಿಸಿ ನೋಡಿ. ಐದರಲ್ಲಿ ಒಂದು ಹೋದರೆ ನಾಲ್ಕು. ಸೊನ್ನೆಯಲ್ಲಿ ಎಂಟು ಹೋಗದು, ಆದ್ದರಿಂದ ಎಂಟನ್ನೇ ಬರೆದಳು. ಸೊನ್ನೆಯಲ್ಲಿ ಏಳು ಹೋಗದು, ಏಳನ್ನೇ ಬರೆದಳು. ಅಂದರೆ ಅವಳು ಬಾಯಿಗೆ ಬಂದ ಸಂಖ್ಯೆ ಬರೆದಿರಲಿಲ್ಲ. 'ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ' ಎಂಬ ಒಂದು ನಿಯಮವನ್ನು ತಾನೇ ಕಟ್ಟಿಕೊಂಡು, ಅದನ್ನು ಬಹಳ ಶಿಸ್ತಿನಿಂದ ಪಾಲಿಸಿದ್ದಳು. ನಿಯಮ ತಪ್ಪು, ಶಿಸ್ತು ಸರಿ. ಎರಡನೆಯ ಅಥವಾ ಮೂರನೆಯ ತರಗತಿಯಲ್ಲೇ ಯಾರಾದರೂ ಹತ್ತು ನಿಮಿಷ ಪಕ್ಕದಲ್ಲಿ ಕುಳಿತಿದ್ದರೆ ಸರಿಹೋಗುತ್ತಿದ್ದ ತಪ್ಪು ಏಳನೆಯ ತರಗತಿಗೂ ಅವಳ ಹಿಂದೆಯೇ ಬಂದಿತ್ತು.

ಇದು ಹಂಪಾಪುರದ ಒಬ್ಬ ಹುಡುಗಿಯ ಕಥೆಯಷ್ಟೇ ಅಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡ 98ಕ್ಕೆ ಸರಿಯುತ್ತರ ಬಂದಿತ್ತು. ಅದೇ ಬಗೆಯ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರ ಶೇಕಡ 37ಕ್ಕೆ ಇಳಿಯಿತು. ಐವರೇ ಮಕ್ಕಳಾದ್ದರಿಂದ ಅದನ್ನು ಸಣ್ಣ ಅಧ್ಯಯನವೆಂದು ಬದಿಗಿಡಬಹುದಿತ್ತು. ಆದರೆ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಅದು ಇನ್ನೊಂದು ಮಾತನ್ನೂ ಸೇರಿಸಿತು: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸುತ್ತಾರೆ! ಆದ್ದರಿಂದ ಜಾಣರು ಇವರು, ದಡ್ಡರು ಅವರು ಎಂದು ಬೇರ್ಪಡಿಸುವ ಮುನ್ನ ನಾವು ಎರಡು ಸಲ ಯೋಚಿಸಬೇಕು.

ಓದಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. 'ಪ್ರಥಮ್' ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಅಸರ್ ಸಮೀಕ್ಷೆಯಲ್ಲಿ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಪುಟ್ಟ ಕಥೆ ಕೊಟ್ಟು ಓದಿಸುತ್ತಾರೆ. 2018ರಲ್ಲಿ ದೇಶದ ಗ್ರಾಮಾಂತರದ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿ ಮಟ್ಟದ ಕಥೆಯನ್ನು ಓದಬಲ್ಲವರು ಸುಮಾರು ಅರ್ಧದಷ್ಟು ಮಂದಿ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ ಮೇಲೆ, 2022ರಲ್ಲಿ, ಅದು ಶೇಕಡ 42.8ಕ್ಕೆ ಕುಸಿಯಿತು. ಹೀಗೆ ಹಿಂದುಳಿದ ಮಗು ತರಗತಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಗಲಾಟೆ ಮಾಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಯ ಹೊತ್ತಿಗೆ ಅದಕ್ಕೆ ಶಾಲೆಯೇ ಬೇಡವಾಗುತ್ತದೆ. ಆಮೇಲೆ ಕೊಡಗಿನ ಕಾಫಿ ತೋಟವೋ, ಮೈಸೂರಿನ ಕಟ್ಟಡ ಕೆಲಸವೋ, ಬೆಂಗಳೂರಿನ ಹೋಟೆಲೋ ಕೈಬೀಸಿ ಕರೆಯುತ್ತದೆ. ನಗರದ ಬೀದಿಯಲ್ಲಿ ದಾರಿ ತಪ್ಪಿದ ಹುಡುಗನೆಂದು ನಾವು ಮರುಗುವವನು ಎಷ್ಟೋ ವೇಳೆ ಇಂಥ ಒಂದು ಊರಿನಿಂದ, ಇಂಥ ಒಂದು ಕಳೆಯುವ ಲೆಕ್ಕದಿಂದ ಹೊರಟವನೇ ಆಗಿರುತ್ತಾನೆ.

ಹಾಗಾದರೆ ಪರಿಹಾರ ಎಲ್ಲಿದೆ? ಸ್ವಾರಸ್ಯವೆಂದರೆ, ಅದರ ಒಂದು ಎಳೆ ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಲಿಕೆಯ ಕ್ರಮವನ್ನು ಕಂಡು ಬಂದರು. ಅದನ್ನು ನಮ್ಮ ಭಾಷೆಗೆ, ನಮ್ಮ ಮಕ್ಕಳಿಗೆ ಒಗ್ಗಿಸಿದರು. 'ನಲಿ-ಕಲಿ' ಹುಟ್ಟಿದ್ದು ಹೀಗೆ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ನಿಮ್ಮಲ್ಲಿ ಅನೇಕರು ಅದರಲ್ಲೇ ಅಕ್ಷರ ಕಲಿತಿರಬಹುದು.

ನಲಿ-ಕಲಿಯ ಗುಟ್ಟು ಎರಡು. ಒಂದನೆಯದು, ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆಯುವುದು. ಅಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಈ ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ, ಗರಗಸ ಎಂದು ಮಗು ಪದಗಳನ್ನೇ ಓದಬಹುದು. ಮೊದಲ ವಾರಗಳಲ್ಲೇ 'ನನಗೆ ಓದಲು ಬರುತ್ತದೆ' ಎಂಬ ಧೈರ್ಯ ಹುಟ್ಟುತ್ತದೆ. ಎರಡನೆಯದು, ಮಕ್ಕಳು ಗುಂಪುಗಳಲ್ಲಿ ಕುಳಿತು ಕಲಿಯುವುದು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಕಲಿಕೆ. ಒಂದು ಮೆಟ್ಟಿಲು ಹತ್ತಿದ ಮೇಲೆಯೇ ಮುಂದಿನದು. ಮಗು ಎಲ್ಲಿದೆಯೋ ಅಲ್ಲಿಂದ ಆರಂಭ. ಗೆಳೆಯನೂ ಗುರುವಾಗಬಹುದು ಎಂಬುದನ್ನು ಈ ತಾಲ್ಲೂಕಿನ ಶಿಕ್ಷಕರು ತರಗತಿಯಲ್ಲೇ ಮಾಡಿ ತೋರಿಸಿದರು.

ಇದೇ ತತ್ವ ನಗರದಲ್ಲೂ ಫಲ ಕೊಟ್ಟಿದೆ. ಮುಂಬಯಿ ಮತ್ತು ವಡೋದರದ ಶಾಲೆಗಳಲ್ಲಿ 2001ರಿಂದ 2003ರವರೆಗೆ ಒಂದು ಪ್ರಯೋಗ ನಡೆಯಿತು. ಅದೇ ಸುತ್ತಮುತ್ತಲಿನ, ಪ್ರೌಢಶಾಲೆ ಮುಗಿಸಿದ ಯುವತಿಯರನ್ನು 'ಬಾಲಸಖಿ'ಯರೆಂದು ನೇಮಿಸಿ, ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಅವರ ಕೈಗೆ ಒಪ್ಪಿಸಲಾಯಿತು. ಆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು. ಈ ಪ್ರಯೋಗವನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಅವರಿಬ್ಬರೂ 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೈಕೆಲ್ ಕ್ರೆಮರ್ ಅವರೊಂದಿಗೆ ಹಂಚಿಕೊಂಡರು. ಬಾಲಸಖಿಯರ ಬಳಿ ದೊಡ್ಡ ಪದವಿಗಳಿರಲಿಲ್ಲ. ಅವರ ಬಳಿ ಇದ್ದದ್ದು ಸಮಯ ಮತ್ತು ಮಗು ನಿಂತಲ್ಲಿಂದ ಆರಂಭಿಸುವ ಸಹನೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ನಾನು ವಿಜ್ಞಾನ ಓದಿದ್ದಕ್ಕೆ ಅರ್ಥವಿಲ್ಲ. ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಸ್ವಯಂಸೇವಕರಿಗೆ ಕೆಲವೇ ದಿನಗಳ ತರಬೇತಿ ಕೊಟ್ಟು, ಶಾಲೆಯ ಅವಧಿಯ ಹೊರಗೆ ಓದಿನ ಶಿಬಿರ ನಡೆಸಿದರು. ಬಂದ ಮಕ್ಕಳು ಚೆನ್ನಾಗಿಯೇ ಕಲಿತರು. ಆದರೆ ಬಂದವರೆಷ್ಟು? ಊರಿನ ಮಕ್ಕಳಲ್ಲಿ ಶೇಕಡ 8ರಷ್ಟು ಮಾತ್ರ! ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ. ಓದಲು ಬಾರದ ಮಗುವಿಗೆ ಪುಸ್ತಕವಿರುವ ಜಾಗವೆಂದರೆ ಅವಮಾನದ ಜಾಗ.

ಮನೆಯ ಕೆಲಸವೂ ಇದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಹೊಗೆಸೊಪ್ಪಿನ ಸುಗ್ಗಿ ಬಂತೆಂದರೆ ಮನೆಮಂದಿಗೆಲ್ಲ ಬಿಡುವಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. 2016ರ ತಿದ್ದುಪಡಿಯ ಪ್ರಕಾರ ಶಾಲೆಯ ಅವಧಿಯ ನಂತರ ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಬಹುದು. ಆದರೆ ಹಸಿ ಹೊಗೆಸೊಪ್ಪು ಒದ್ದೆಯಾಗಿದ್ದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಸೇರಿ ತಲೆಸುತ್ತು, ವಾಂತಿ ತರುತ್ತದೆ ಎಂಬುದನ್ನು ನಿಮ್ಮ ಮನೆಯವರಿಗೆ ನೀವೇ ತಿಳಿಸಿ ಹೇಳಬೇಕು. ಕಾಡಂಚಿನ ಹಾಡಿಗಳಲ್ಲಿ ಕತ್ತಲಾದರೆ ಆನೆಯ ಭಯವೂ ಉಂಟು. ಹೀಗಿರುವಾಗ 'ಬರದವರು ಸೋಮಾರಿಗಳು' ಎನ್ನುವುದು ಸುಲಭ, ಆದರೆ ಸತ್ಯವಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಬಿ.ಎಸ್ಸಿ. ಓದುವಾಗ ಮೈಸೂರಿನಲ್ಲಿ ನಮ್ಮ ಬೀದಿಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಸಂಜೆ ಗಣಿತ ಹೇಳಿಕೊಡಲು ಒಪ್ಪಿಕೊಂಡೆ. ಅವನ ಅಪ್ಪ ಗಾರೆ ಕೆಲಸದವರು. ನಾನು ಉತ್ಸಾಹದಿಂದ ಬೀಜಗಣಿತ ಆರಂಭಿಸಿದೆ. ಹುಡುಗ ತಲೆಯಾಡಿಸುತ್ತಿದ್ದ. ಹತ್ತು ದಿನದ ಮೇಲೆ ಒಂದು ಸಣ್ಣ ಪರೀಕ್ಷೆ ಕೊಟ್ಟೆ. ಒಂದೂ ಸರಿಯಿರಲಿಲ್ಲ. "ಇಷ್ಟು ದಿನ ಯಾರಿಗೆ ಹೇಳಿದ್ದು ನಾನು, ಗೋಡೆಗೆ?" ಎಂದು ರೇಗಿದೆ. ಅವನು ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಆ ವರ್ಷವೇ ಶಾಲೆ ಬಿಟ್ಟನೆಂದು ತಿಳಿಯಿತು. ಅವನಿಗೆ ಭಾಗಾಕಾರ ಬರುತ್ತದೆಯೇ ಎಂದು ಮೊದಲ ದಿನ ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಹಂಪಾಪುರದ ಹುಡುಗಿ ನಕ್ಕಾಗ ನನಗೆ ನೆನಪಾದದ್ದು ಆ ಹುಡುಗನ ಬಗ್ಗಿದ ತಲೆ.

ಆದ್ದರಿಂದ, ಮಿತ್ರರೇ, ನಿಮ್ಮಿಂದ ಆಗುವ ಒಂದು ಕೆಲಸವನ್ನು ಸೂಚಿಸುತ್ತೇನೆ. ನೀವು ಪ್ರೌಢಶಾಲೆಯಲ್ಲಿರಬಹುದು, ಕಾಲೇಜಿನಲ್ಲಿರಬಹುದು. ನಿಮ್ಮಂತೆ ಮೂರು ನಾಲ್ಕು ಮಂದಿ ಸೇರಿ. ಐದಾರು ಮಕ್ಕಳಿಂದ ಆರಂಭಿಸಿ, ಐವತ್ತರಿಂದ ಬೇಡ. ಜಾಗ ಹುಡುಕುವುದು ಕಷ್ಟವಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂದು ಹೆಸರು. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂದಾಗ ನಮ್ಮ ಶಿಕ್ಷಕರು ಮರದ ನೆರಳು, ದೇವಸ್ಥಾನದ ಜಗಲಿ, ಸಮುದಾಯ ಭವನಗಳಲ್ಲೇ ಪಾಠ ಮಾಡಿದ್ದನ್ನು ನೀವು ಕಂಡಿದ್ದೀರಿ. ಸೋಂಕಿನ ಕಾರಣ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೆ ಆ ಜಗಲಿಗಳು ಇನ್ನೂ ಅಲ್ಲೇ ಇವೆ.

ಮೊದಲ ದಿನ ಪಾಠ ಮಾಡಬೇಡಿ. ಪ್ರತಿ ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು, ಒಂದು ಪುಟ ಓದಿಸಿ, ಒಂದು ಕಳೆಯುವ ಲೆಕ್ಕ ಕೊಟ್ಟು, ಅದು ಎಲ್ಲಿ ನಿಂತಿದೆ ಎಂದು ತಿಳಿಯಿರಿ. ಮಿಕ್ಕವರೆದುರು ತಪ್ಪನ್ನು ಎತ್ತಿ ಆಡಬೇಡಿ. ನಮ್ಮ ಅಂಗಡಿಯ ಹುಡುಗಿಗೆ ನೀವು ಹೇಳಿಕೊಡಬೇಕೆಂದುಕೊಳ್ಳಿ. ನೂರರ ಐದು ನೋಟು ಅವಳ ಮುಂದಿಡಿ. ಕಾಗದದ ನೋಟಾದರೂ ಸರಿ. ಒಂದು ನೂರನ್ನು ಮುರಿಸಿ ಹತ್ತರ ಹತ್ತು ನೋಟು ಕೊಡಿ. ಅದರಲ್ಲಿ ಒಂದು ಹತ್ತನ್ನು ಮುರಿಸಿ ಹತ್ತು ಬಿಡಿ ನಾಣ್ಯ ಕೊಡಿ. ಈಗ ನಾಲ್ಕು ನೂರು, ಒಂಬತ್ತು ಹತ್ತು, ಹತ್ತು ಬಿಡಿ ಇವೆ. ಇದರಲ್ಲಿ 187 ತೆಗೆದರೆ ಉಳಿಯುವುದು ಮೂರು ನೂರು, ಒಂದು ಹತ್ತು, ಮೂರು ಬಿಡಿ. ಅಂಗಡಿ ಲೆಕ್ಕ, ಶಾಲೆ ಲೆಕ್ಕ ಒಂದೇ ಎಂದು ಅವಳಿಗೆ ಕಾಣುವ ಕ್ಷಣ ಅದು. 'ದಶಕ ತೆಗೆದುಕೊಳ್ಳುವುದು' ಎಂದರೆ ಚಿಲ್ಲರೆ ಮಾಡಿಸುವುದು, ಅಷ್ಟೇ.

ಪಾಠ ಮುಕ್ಕಾಲು ಗಂಟೆ ಸಾಕು. ಮಿಕ್ಕ ಹೊತ್ತು ಹಾಡು, ಕಥೆ, ನಾಟಕ, ಆಟ. ಹಳ್ಳಿಯ ಕತ್ತಲೆ ನಗರದವರಿಗೆ ಸಿಗದ ಸಂಪತ್ತು; ಚಳಿಗಾಲದ ಸಂಜೆ ಮನೆಯಂಗಳದಲ್ಲೇ ನಿಂತು ನಕ್ಷತ್ರಗಳನ್ನು ಗುರುತಿಸಲು ಹೇಳಿ. ಹೆಣ್ಣುಮಕ್ಕಳು, ದೂರದವರು ಬೆಳಕಿರುವಾಗಲೇ ಮನೆ ಸೇರುವಂತೆ ವೇಳೆ ಗೊತ್ತುಮಾಡಿ. ಯಾರು ಬಂದರೆಂದು ಬರೆದಿಡಿ. ಅದಕ್ಕಿಂತ ಮುಖ್ಯವಾಗಿ, ಯಾರು ಬರಲಿಲ್ಲವೆಂದು ಬರೆದಿಡಿ. ಎರಡು ದಿನ ಬರದವನ ಮನೆಗೆ ಮೂರನೆಯ ದಿನ ನೀವೇ ಹೋಗಿ. ಗದರಿಸಲು ಅಲ್ಲ, ಕರೆಯಲು.

ಇದರಿಂದ ಶಿಕ್ಷಕರ ಕೆಲಸ ನಿಮ್ಮದಾಗುವುದಿಲ್ಲ. ಮಕ್ಕಳಿಗೆ ಕಲಿಸುವುದು ಶಾಲೆಯ ಹೊಣೆ. 6ರಿಂದ 14 ವರ್ಷದವರಿಗೆ ಅದು 2010ರ ಏಪ್ರಿಲ್ 1ರಿಂದ ಕಾನೂನಿನ ಹಕ್ಕು. ನೀವು ಮಾಡುವುದು ಅಣ್ಣ ಅಕ್ಕಂದಿರ ಕೆಲಸ.

ಇಂದು ಸಂಜೆ ಶಾಲೆಯ ಗಂಟೆ ಬಾರಿಸಿದಾಗ ಒಮ್ಮೆ ಸುತ್ತ ನೋಡಿ. ಎಲ್ಲರಿಗಿಂತ ಮೊದಲು, ಯಾರೊಡನೆಯೂ ಮಾತಾಡದೆ ಹೊರಟುಹೋಗುವ ಒಬ್ಬ ಹುಡುಗನೋ ಹುಡುಗಿಯೋ ಕಾಣಬಹುದು. ಅವರ ಜೊತೆ ನಾಲ್ಕು ಹೆಜ್ಜೆ ನಡೆಯಿರಿ. ಮೊದಲ ಪಾಠ ಅಲ್ಲಿಂದ ಆರಂಭವಾಗಲಿ.