ಗುಡ್ಡದ ಮೇಲಿನ ನೋಟ

ನಿಸರ್ಗದೃಶ್ಯದ ಚಿತ್ರವು ರಾಜಕಾರಣಕ್ಕೆ ಹೊರತಾದ ನಿರ್ಮಲ ಕಲೆಯೆಂಬ ಭಾವನೆ ನಮ್ಮಲ್ಲಿ ಬಲವಾಗಿದ್ದರೂ, ಟಿಪ್ಪುವಿನ ವಿರುದ್ಧ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯದೊಡನೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಆಂಗ್ಲ ಚಿತ್ರಕಾರ ರಾಬರ್ಟ್ ಹೋಮನು 1794ರಲ್ಲಿ ಪ್ರಕಟಿಸಿದ ಚಿತ್ರಸಂಪುಟವನ್ನು ನೋಡಿದವರಿಗೆ ಆ ಭಾವನೆ ಉಳಿಯದು. ಸಾವನದುರ್ಗದ ಹೆಬ್ಬಂಡೆಯೂ ಅದರ ಬುಡದ ಕಾಡೂ ರಮ್ಯವಾಗಿಯೇ ಇವೆ. ಆದರೆ ಆ ಬಂಡೆಯ ಮೇಲಿರುವುದು 1791ರ ಡಿಸೆಂಬರಿನಲ್ಲಿ ವಶವಾದ ಕೋಟೆ, ನೋಡುತ್ತಿರುವ ಕಣ್ಣು ಗೆದ್ದವರದು.

ಕೊಂಡಜ್ಜಿಯ ಗುಡ್ಡವನ್ನೇರಿದಾಗಲೆಲ್ಲ ನನಗೆ ಈ ವಿಚಾರ ಮನಸ್ಸಿಗೆ ಬರುತ್ತದೆ. ಕೆಳಗೆ ಕೆರೆ, ಅದರ ಮಗ್ಗುಲಲ್ಲಿ ಸ್ಕೌಟ್ ಶಿಬಿರ. ಪಶ್ಚಿಮಕ್ಕೆ ಹರಿಹರ, ಅದರಾಚೆ ತುಂಗಭದ್ರೆ. ಹೊಳೆಯ ಈಚೆಯದು ಮೈಸೂರು ಸಂಸ್ಥಾನವಾಗಿದ್ದ ಕಾಲದಲ್ಲಿ ಆಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತಕ್ಕೂ, ಈಶಾನ್ಯದ ಹರಪನಹಳ್ಳಿ ಮದರಾಸಿಗೂ ಸೇರಿದ್ದವು. ಅದೇ ಜೋಳದ ಹೊಲ, ಅದೇ ಕನ್ನಡ, ಮೂರು ಸರಕಾರ! 1953ರಲ್ಲಿ ಹರಪನಹಳ್ಳಿಯೂ, 1956ರ ನವೆಂಬರ್ 1ರಂದು ರಾಣೆಬೆನ್ನೂರೂ ನಮ್ಮೊಡನೆ ಕೂಡಿದುವು. ಗುಡ್ಡದ ಮೇಲಿಂದ ಕಾಣುವ ಭೂಮಿಯಲ್ಲಿ ಆ ಗೆರೆಗಳಾವುವೂ ಇರಲಿಲ್ಲ. ಹೊಳೆಯನ್ನು ಎಲ್ಲೆಯೆಂದು ಬರೆಯಬೇಕೋ, ಎರಡು ದಡಗಳನ್ನು ಕೂಡಿಸುವ ನೀರೆಂದು ಬರೆಯಬೇಕೋ ಎಂಬುದನ್ನು ಚಿತ್ರಕಾರನೇ ನಿರ್ಣಯಿಸಬೇಕಾಗಿತ್ತು.

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ತರುಣರು ಹೋಮನ ದುರ್ಗಗಳನ್ನೂ, ನಮ್ಮ ವೆಂಕಟಪ್ಪನವರು ಜಲವರ್ಣದಲ್ಲಿ ಬರೆದ ಉದಕಮಂಡಲದ ಮಂಜನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ, ಆಮೇಲೆ ಈ ಗುಡ್ಡಕ್ಕೆ ಬಣ್ಣದ ಪೆಟ್ಟಿಗೆಯೊಡನೆ ಬರಲಿ ಎಂಬುದು ನನ್ನ ಹೃತ್ಪೂರ್ವಕವಾದ ಬಯಕೆ.